ಅಮ್ಮಣ್ಣಿ ಮಾಮಿಯ ವೀಳ್ಯ

ವೀಳ್ಯ ಕೊಡೋಣ ಎಂದು ಹೇಳಿದ್ದು ನಾನೇ. ಗಣಿ ಕಂಪನಿಯ ಸಾಹೇಬರಿಗೆ ನಮ್ಮ ಕಡೆಯ ಮರ್ಯಾದೆ ಕಲಿಸಲು ಹೋದ ನನ್ನ ಅತಿಬುದ್ಧಿಗೆ ಏನೆನ್ನಲಿ! ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ ಎಂದಷ್ಟೇ ಯೋಚಿಸಿದ್ದೆ.

ಕಂಪನಿಯ ಸಿಎಸ್‌ಆರ್ ವಿಭಾಗದಲ್ಲಿ, ಅಂದರೆ ಊರಿಗೆ ಉಪಕಾರ ಮಾಡುವ ವಿಭಾಗದಲ್ಲಿ, ನನಗೆ ಗುತ್ತಿಗೆ ಕೆಲಸ. ಅಪ್ಪ ದೋಣಿಗೆ ಹೋಗುವುದನ್ನು ನಿಲ್ಲಿಸಿದ ಮೇಲೆ ಮನೆ ನಡೆಯುವುದು ಈ ಸಂಬಳದಿಂದಲೇ. ಬಳ್ಳಾರಿ ಕಡೆಯ ಅದಿರು ನಮ್ಮೂರಿನ ಪಕ್ಕದ ಪಣಂಬೂರು ಬಂದರಿನಲ್ಲಿ ರಾಶಿ ಬೀಳುತ್ತದೆ. ಗಾಳಿ ಎದ್ದರೆ ಅದರ ಕೆಂಪು ಧೂಳು ನಮ್ಮ ಹೆಂಗಸರು ಕಡಲ ಬದಿಯ ಮರಳಿನಲ್ಲಿ ಒಣಗಿಸುವ ಮೀನಿನ ಮೇಲೆ ಕೂರುತ್ತದೆ. ಅದಕ್ಕೆಂದು ಕಂಪನಿ ಮೀನು ಒಣಗಿಸುವ ಶೆಡ್ ಕಟ್ಟಿಸಿತ್ತು. ಇವತ್ತು ಉದ್ಘಾಟನೆ. ಸಾಹೇಬರ ಹಿಂದಿಯನ್ನು ತುಳುವಿನಲ್ಲಿ, ಹೆಂಗಸರ ತುಳುವನ್ನು ಹಿಂದಿಯಲ್ಲಿ ಹೇಳುವುದು ನನ್ನ ಕೆಲಸ.

ಭಾಷಣದ ಕೊನೆಗೆ ಸಾಹೇಬರು ನಗುತ್ತಲೇ ಅಂದರು: ಶೆಡ್ ಸಿಕ್ಕಿತಲ್ಲ, ಇನ್ನು ಈ ಮರಳಿನ ಜಾಗ ನಿಮಗೆ ಬೇಡ. ನಾಳೆ ಕಂಪನಿ ಬೇಲಿ ಹಾಕಿ ಅದಿರು ಇಡುತ್ತದೆ.

ಇದು ನನಗೂ ಗೊತ್ತಿರಲಿಲ್ಲ. ನಮ್ಮ ವಿಭಾಗದ ಮುಖ್ಯಸ್ಥ ಜಿತೇಶ್, ಹೇಳು ಎಂದು ಕಣ್ಣಿನಲ್ಲೇ ಸನ್ನೆ ಮಾಡಿದ. ಹೇಳಿದೆ. ಶೆಡ್ಡಿನಲ್ಲಿ ನಾಲ್ಕು ಮನೆಯ ಮೀನು ಒಣಗಿಸಬಹುದು. ಮರಳಿನಲ್ಲಿ ಇಡೀ ಊರಿನದು.

ಅಷ್ಟರಲ್ಲಿ ಕಂಪನಿ ಕೊಡುವ ವೀಳ್ಯದ ತಟ್ಟೆ ಅಮ್ಮಣ್ಣಿ ಮಾಮಿಯ ಮುಂದೆ ಬಂತು. ಮಾಮಿ ನನ್ನ ಅಪ್ಪನ ಅಕ್ಕ, ಹೆಂಗಸರ ಸಂಘದ ಹಿರಿಯಳು. ಆಗ ಹೊಳೆಯಿತು ನನಗೆ. ಹತ್ತು ಜನರ ಎದುರು ವೀಳ್ಯ ತೆಗೆದುಕೊಂಡರೆ ನಮ್ಮಲ್ಲಿ ಮಾತು ಕೊಟ್ಟಂತೆ. ಮದುವೆ ನಿಶ್ಚಯವಾಗುವುದೂ ಹೀಗೆಯೇ, ದೋಣಿಯ ಜಗಳ ತೀರುವುದೂ ಹೀಗೆಯೇ. ಮಾಮಿ ತಟ್ಟೆಗೆ ಕೈ ಹಾಕಿದರೆ ಜಾಗ ಹೋಯಿತು. ಆಮೇಲೆ ನಮ್ಮ ಹೆಂಗಸರು ಯಾರೂ ಮಾತು ತಪ್ಪುವವರಲ್ಲ.

"ತಗೊಳ್ಳಿ ಅಮ್ಮಾ, ಫೋಟೋ ಉಂಟು" ಎಂದ ಜಿತೇಶ್.

"ಗಡಿಬಿಡಿ ಎಂತ ಮಾರಾಯ?" ಎಂದಳು ಮಾಮಿ. ತಟ್ಟೆ ಮುಟ್ಟಲಿಲ್ಲ. ಸೊಂಟದ ಚೀಲದಿಂದ ತನ್ನದೇ ಎಲೆ ಅಡಿಕೆ ತೆಗೆದು ಸಾಹೇಬರ ಮುಂದೆ ಹಿಡಿದು, ಮೈಕಿನಲ್ಲಿ ತುಳುವಿನಲ್ಲಿ ಹೇಳಿದಳು: "ಮೊದಲು ನಮ್ಮ ವೀಳ್ಯ, ಸಾಹೇಬ್ರೇ. ಈ ಮರಳಿಗೆ ಬೇಲಿ ಹಾಕುವುದಿಲ್ಲ ಅಂತ ಮಾತು ಕೊಡುವುದಾದ್ರೆ ತಗೊಳ್ಳಿ."

ಸಾಹೇಬರಿಗೆ ಒಂದಕ್ಷರವೂ ಅರ್ಥವಾಗಲಿಲ್ಲ. ಬಗ್ಗಿ ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಕ್ಯಾಮೆರಾಗಳು ಮಿಂಚಿದವು. ಹೆಂಗಸರು ಒಟ್ಟಿಗೇ ಚಪ್ಪಾಳೆ ತಟ್ಟಿದರು. ಸಾಹೇಬರು ಹಿಗ್ಗಿಹೋಗಿ, ಅಮ್ಮ ಏನಂದರು ಎಂದು ನನ್ನನ್ನು ಕೇಳಿದರು.

ಜಿತೇಶ್ ಕಿವಿಯ ಹತ್ತಿರ ಬಂದ. "ಥ್ಯಾಂಕ್ಸ್ ಹೇಳಿದ್ರು ಅಂತ ಹೇಳು ಮಾರಾಯ್ತಿ. ನಿನಗೆ ಕೆಲಸ ಬೇಕಾ, ಬೇಡ್ವಾ?"

ಬೇಕಿತ್ತು. ಮಾಮಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನೋಡಿದ್ದರೆ ಸಿಟ್ಟಿಗಾದರೂ ಸುಳ್ಳು ಹೇಳಿಬಿಡುತ್ತಿದ್ದೆನೇನೋ.

ಮೈಕ್ ತೆಗೆದುಕೊಂಡು ಹಿಂದಿಯಲ್ಲಿ ಎಲ್ಲವನ್ನೂ ಹೇಳಿದೆ. ವೀಳ್ಯ ತೆಗೆದುಕೊಂಡರೆ ಏನರ್ಥ ಎಂಬುದನ್ನೂ ಬಿಡಲಿಲ್ಲ.

ಸಾಹೇಬರ ನಗು ಇಳಿಯಿತು. ಎಲೆಗಳನ್ನು ವಾಪಸು ಮಾಮಿಗೆ ಚಾಚಿದರು. ಮಾಮಿ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು. ಎದುರಿನ ಸಾಲಿನ ಕಡೆ ಚಾಚಿದರು. ಒಂದು ಕೈಯೂ ಮೇಲೇಳಲಿಲ್ಲ. ಕೊನೆಗೆ, ಅವರ ಸಂಬಳ ತಿನ್ನುವ ನನ್ನ ಮುಂದೆ ಹಿಡಿದರು.

ನಾನೂ ಕೈ ಹಿಂದೆ ಕಟ್ಟಿಕೊಂಡೆ.