ಐವತ್ತು ಪಟ್ಟಿಯ ಡಬ್ಬಿ

ದೂರದ ದೇಶದ ವೈದ್ಯಕೀಯ ಕಾಲೇಜೊಂದು ವರ್ಷಕ್ಕೆರಡು ಬಾರಿ ನಮ್ಮ ಆಸ್ಪತ್ರೆಗೆ ವಿದ್ಯಾರ್ಥಿಗಳನ್ನು ತರಬೇತಿಗೆ ಕಳಿಸುತ್ತದೆ. ಆರು ವಾರದ ತರಬೇತಿ. ನೀರು ಒಗ್ಗದೆ ಒಂದು ವಾರ ಮಲಗುತ್ತಾರೆ, ಉಳಿದ ಐದು ವಾರ ನಮಗೆ ಕೈ ತೊಳೆಯುವುದನ್ನು ಕಲಿಸುತ್ತಾರೆ. ಅವರ ಮಾತನ್ನು ರೋಗಿಗಳಿಗೆ ತಿಳಿಸಿ ಹೇಳುವ ಕೆಲಸವನ್ನು ಹಿರಿಯ ನರ್ಸ್ ಎಂದು ನನ್ನ ತಲೆಗೆ ಕಟ್ಟಿದ್ದಾರೆ.

ಈ ಸಲ ಬಂದವಳು ಒಳ್ಳೆಯ ಹುಡುಗಿ. ಮಲಗಲಿಲ್ಲ, ಕೈ ತೊಳೆಯುವ ಪಾಠವನ್ನೂ ಮಾಡಲಿಲ್ಲ. ಪುಟ್ಟ ಡಾಕ್ಟರ್ ಎಂದು ನಾವು ಹೆಸರಿಟ್ಟೆವು. ಮೊದಲ ವಾರವೇ ಗುಡ್ಡದಾಚೆಯಿಂದ ಒಬ್ಬ ತಾಯಿ ಎಂಟು ವರ್ಷದ ಮಗಳನ್ನು ಕರೆತಂದಳು. ಮಗುವಿಗೆ ಸಕ್ಕರೆ ಕಾಯಿಲೆ. ಸಿರಿಂಜಿನಲ್ಲಿ ಬೆಳಿಗ್ಗೆ ಹತ್ತು ಗೆರೆ, ಸಂಜೆ ಆರು ಗೆರೆ ಇನ್ಸುಲಿನ್ ಎಳೆದು ಎರಡು ವರ್ಷದಿಂದ ತಾಯಿಯೇ ಚುಚ್ಚುತ್ತಿದ್ದಳು. ಅಷ್ಟನ್ನು ನಾನೇ ಕಲಿಸಿದ್ದೆ. ಪುಟ್ಟ ಡಾಕ್ಟರ್ ತನ್ನ ಚೀಲದಿಂದ ಸಕ್ಕರೆ ನೋಡುವ ಯಂತ್ರವನ್ನೂ ಐವತ್ತು ಪಟ್ಟಿಯ ಡಬ್ಬಿಯನ್ನೂ ತೆಗೆದುಕೊಟ್ಟು, ಬೆರಳಿನ ಹನಿ ರಕ್ತವನ್ನು ಪಟ್ಟಿಗೆ ತಾಗಿಸಿ ತೋರಿಸಿದಳು.

“ಆದಷ್ಟೂ ದಿನಕ್ಕೆರಡು ಸಲ ನೋಡಿ ಕೊಡಲಿ,” ಎಂದಳು.

ನಾನು ತಾಯಿಯ ಕಡೆ ತಿರುಗಿ, “ನೋಡ್ದೆ ಸೂಜಿ ಮುಟ್ಲೇಬೇಡಮ್ಮ. ನೋಡ್ದೆ ಚುಚ್ಚಿದ್ರೆ ಮಗು ಕೈತಪ್ಪಿ ಹೋಗುತ್ತೆ,” ಎಂದೆ. ಹೆದರಿಸದಿದ್ದರೆ ಯಾರೂ ಮಾತನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲವೆಂದು ಮೂವತ್ತು ವರ್ಷದಿಂದ ಒಂದಿಷ್ಟು ಖಾರ ಸೇರಿಸಿಯೇ ಹೇಳುತ್ತಾ ಬಂದವಳು ನಾನು. ಪಟ್ಟಿ ಮುಗಿಯುವ ಹೊತ್ತಿಗೆ, ಒಂದು ಸೋಮವಾರ, ಮತ್ತೆ ಬರಲು ಚೀಟಿ ಬರೆದುಕೊಟ್ಟೆವು.

ಆ ಸೋಮವಾರ ತಾಯಿ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಬಂದಳು. ಮಗು ಏದುಸಿರು ಬಿಡುತ್ತಿತ್ತು, ಕರೆದರೆ ಕಣ್ಣು ತೆರೆಯಲಿಲ್ಲ. ಸಕ್ಕರೆ ವಿಪರೀತ ಏರಿದ ಲಕ್ಷಣವೇ ಅದು, ನಾನು ಸಿರಿಂಜಿಗೆ ಇನ್ಸುಲಿನ್ ಎಳೆದುಕೊಂಡೆ. ತಾಯಿ ನನ್ನ ಕೈ ಹಿಡಿದುಕೊಂಡಳು.

“ಸಕ್ಕರೆ ನೋಡಿದ್ರಾ ಅಕ್ಕಾ? ನೋಡ್ದೆ ಚುಚ್ಬೇಡಿ.”

“ಎಷ್ಟು ದಿನದಿಂದ ಕೊಟ್ಟಿಲ್ಲ?” ಎಂದೆ. ಡಬ್ಬಿ ಗುರುವಾರವೇ ಖಾಲಿಯಾಗಿತ್ತು. ಒಂದು ದಿನ ಮಗು ಬೆವೆತಿತೆಂದು ಗಾಬರಿಯಾಗಿ ಹತ್ತು ಸಲ ನೋಡಿದ್ದಳಂತೆ. ಪಟ್ಟಿ ಮುಗಿದ ಮೇಲೆ ನಾಲ್ಕು ದಿನ ಸೂಜಿ ಮುಟ್ಟಿರಲಿಲ್ಲ. ಅರ್ಧ ಉಳಿದ ಇನ್ಸುಲಿನ್ ಸೀಸೆಯನ್ನು ಒದ್ದೆ ಬಟ್ಟೆಯಲ್ಲಿ ಜೋಪಾನವಾಗಿ ಸುತ್ತಿ ತಂದಿದ್ದಳು.

ಅವಳ ಕೈ ಬಿಡಿಸಿ ಚುಚ್ಚಿದೆ. ನಮ್ಮ ಆಸ್ಪತ್ರೆಯ ಡಾಕ್ಟರು ಡ್ರಿಪ್ ಹಾಕಿ ದೊಡ್ಡಾಸ್ಪತ್ರೆಗೆ ಫೋನ್ ಮಾಡಿದರು. ಆಂಬ್ಯುಲೆನ್ಸ್ ಬರಲು ಐದು ಗಂಟೆ ಬೇಕೆಂದರು ಅಲ್ಲಿಯವರು. ಪುಟ್ಟ ಡಾಕ್ಟರ್ ಮಂಚದ ಪಕ್ಕ ಮಂಡಿಯೂರಿ ನಾಡಿ ಹಿಡಿದು ಕೂತಳು. ಏನೇನು ಮಾಡಬೇಕೆಂದು ಅವಳಿಗೆ ಗೊತ್ತಿತ್ತು, ಮಾಡಲು ನಮ್ಮಲ್ಲಿ ಏನೂ ಇರಲಿಲ್ಲ. ಮಧ್ಯಾಹ್ನ ಒಂದೂವರೆಗೆ ಮಗುವಿನ ಉಸಿರು ನಿಂತಿತು.

ತಾಯಿ ಅಳಲಿಲ್ಲ. “ನಾನು ಒಂದ್ಸಲಾನೂ ನೋಡ್ದೆ ಕೊಟ್ಟಿಲ್ಲ. ಇವ್ರು ಹೇಳಿದ್ದನ್ನ ಮೀರಿಲ್ಲ,” ಎಂದು ಪುಟ್ಟ ಡಾಕ್ಟರ್ ಕಡೆ ಕೈ ತೋರಿಸಿದಳು.

“ಏನು ಹೇಳ್ತಿದ್ದಾರೆ?” ಎಂದಳು ಹುಡುಗಿ.

“ನೋಡದೆ ಕೊಡಲೇಬಾರದು ಅಂತ ನೀವು ಹೇಳಿದ್ರಂತೆ.”

ಅವಳ ಮುಖ ಬಿಳಿಚಿಕೊಂಡಿತು. “ನಾನು ಹಾಗಂದ್ನಾ?” ಎಂದು ನನ್ನನ್ನೇ ಕೇಳಿದಳು. ಇಲ್ಲ ಎನ್ನಲು ಬಾಯಿ ತೆರೆದೆ. ತಾಯಿಯೂ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಡ್ರಿಪ್ಪಿನ ಕಡೆ ತಿರುಗಿಕೊಂಡೆ.

“ಅಂದಿರ್ಬೇಕು,” ಎಂದು ಹುಡುಗಿ ತಾನೇ ಹೇಳಿಕೊಂಡು ನೆಲದ ಮೇಲೆ ಕುಸಿದು ಕೂತಳು. ನಾನು ಮಗುವಿನ ಕೈಯಿಂದ ಡ್ರಿಪ್ ಬಿಚ್ಚತೊಡಗಿದೆ.