ಎದುರು ಮಾತು

ನಮ್ಮಣ್ಣನ ಹತ್ರ ಗಡ್ಡ ಮಾಡಿಸ್ಕೊಳ್ಳೋರಿಗೆ ಒಂದು ಕಷ್ಟ ಇತ್ತು. ನೊರೆ ಹಚ್ಚೋವಾಗ ಅವನು ತುಟಿ ಬಿಚ್ತಿರ್ಲಿಲ್ಲ. ಕೆನ್ನೆ ಕೆರೆಯೋವಾಗಲೂ ಇಲ್ಲ. ಗಿರಾಕಿಯ ತಲೆ ಹಿಂದಕ್ಕೆ ಬಾಗಿಸಿ, ಗಲ್ಲ ಎತ್ತಿ, ರೇಜರು ಗಂಟಲ ಮೇಲಿಟ್ಟ ಅಂದ್ರೆ ಶುರು. ಸರ್ಕಾರ, ಆಸ್ಪತ್ರೆ, ಕರೆಂಟು ಕಾರು, ಜಗತ್ತು ಹಾಳಾಗ್ತಿರೋ ರೀತಿ. ಆ ಗಳಿಗೇಲಿ ಯಾವ ಗಂಡಸು ತಾನೇ ಎದುರು ಮಾತಾಡ್ತಾನೆ? ಉಗುಳು ನುಂಗೋಕೂ ಹೆದರ್ತಾನೆ. ಹೀಗಾಗಿ ನಮ್ಮಂಗಡೀಲಿ ಅಣ್ಣ ಯಾವ ವಾದದಲ್ಲೂ ಸೋತವನಲ್ಲ.

ನಂದು ಪಕ್ಕದ ಕುರ್ಚಿ. ನಾನು ಕೂದಲು ಕತ್ತರಿಸ್ತೀನಿ, ಮಾತಾಡಲ್ಲ. ಇಬ್ಬರೂ ಮಾತಾಡಿದ್ರೆ ಕೆಲಸ ಯಾರು ಮಾಡ್ತಾರೆ ಅಂತ ಚಿಕ್ಕ ವಯಸ್ಸಲ್ಲೇ ಅಣ್ಣ ತೀರ್ಮಾನ ಮಾಡಿಬಿಟ್ಟಿದ್ದ. ನನ್ನನ್ನ ಕೇಳಿ ಮಾಡಿದ ತೀರ್ಮಾನ ಅಲ್ಲ ಅದು. ಅವನು ಯಾವತ್ತು ಯಾರನ್ನ ಏನು ಕೇಳಿದ್ದಾನೆ?

ಅವನಿಗೆ ಎದುರಾಡೋನು ಒಬ್ಬನೇ ಇದ್ದ. ಟ್ಯಾಕ್ಸಿ ಓಡಿಸೋನು, ಎದೆ ಮುಟ್ಟೋ ಹಾಗೆ ಗಡ್ಡ ಬಿಟ್ಟೋನು. ಬರೀ ತಲೆಕೂದಲು ಕತ್ತರಿಸ್ಕೊಳ್ಳೋಕೆ ಬರ್ತಿದ್ದ, ಅಂದ್ರೆ ಅವನ ಗಂಟಲ ಮೇಲೆ ರೇಜರು ಇಡೋ ಪ್ರಸಂಗವೇ ಬರ್ತಿರ್ಲಿಲ್ಲ. ಇದ್ದ ಡೀಸೆಲ್ ಕಾರು ಮಾರಿ ಕರೆಂಟು ಕಾರು ತಗೊಂಡ ದಿನಾನೇ ಅಣ್ಣ ಅವನಿಗೆ ಬ್ಯಾಟರಿ ಅಂತ ಹೆಸರಿಟ್ಟ. ಬೀದಿಗೆಲ್ಲ ಅದೇ ಹೆಸರು ಆಗಿಹೋಯ್ತು.

"ಹೊಗೆ ಬರಲ್ಲ ಅಂತ ಕುಣೀತೀಯಲ್ಲ, ನಿನ್ನ ಕಾರಿಗೆ ಕರೆಂಟು ಆಕಾಶದಿಂದ ಉದುರುತ್ತಾ? ಎಲ್ಲೋ ಕಲ್ಲಿದ್ದಲು ಸುಡ್ತಿದಾರೆ ಕಣಯ್ಯ. ನಿನ್ನ ಕಸ ಪಕ್ಕದ ಮನೆ ಬಾಗಿಲಿಗೆ ಹಾಕಿ ನಮ್ಮನೆ ಎಷ್ಟು ಚೊಕ್ಕ ಅಂದ ಹಾಗಾಯ್ತು ಇದು."

"ಅಣ್ಣಾ, ನಿಮ್ಮ ಸ್ಕೂಟರು ನಿಮ್ಮನೆ ಬಾಗಿಲಲ್ಲೇ ಕಸ ಹಾಕುತ್ತಲ್ಲ, ಅದಕ್ಕೇನಂತೀರಿ?"

"ಆ ಬ್ಯಾಟರಿ ಸಾಯುತ್ತಲ್ಲ ಒಂದಿನ, ಆವಾಗ ಬಾ, ಆವಾಗ ನಾನು ನಗ್ತೀನಿ."

"ಅದಕ್ಕೂ ಮುಂಚೆ ನಿಮ್ಮ ಸ್ಕೂಟರು ಕೆಟ್ಟು ನೀವು ನನ್ನ ಕಾರಲ್ಲೇ ಓಡಾಡ್ಬೇಕು, ನೆನಪಿಟ್ಕೊಳ್ಳಿ."

ಅಂಗಡಿ ತುಂಬ ನಗು. ಅಣ್ಣನಿಗೆ ಒಳಗೊಳಗೇ ಖುಷಿ. ಬ್ಯಾಟರಿ ಬರೋದು ತಡ ಆದ್ರೆ ಬಾಗಿಲ ಕಡೆ ನೋಡ್ತಿದ್ದ, ಪುಣ್ಯಾತ್ಮ.

ಮಾತು ಕೇಳೋ ಡಬ್ಬಿ ತಂದುಕೊಟ್ಟದ್ದು ಅಣ್ಣನ ಅಳಿಯ. ಸ್ಮಾರ್ಟ್ ಸ್ಪೀಕರ್ ಅಂತೆ. ದುಂಡಗೆ, ಕೈಯಲ್ಲಿ ಹಿಡಿಯೋ ಗಾತ್ರ. ಕನ್ನಡಿ ಪಕ್ಕ ಇಟ್ಟು, "ಮಾವ, ಬಾಯಲ್ಲಿ ಹೇಳಿದ್ರೆ ಸಾಕು, ಹಾಡು ಹಾಕುತ್ತೆ, ಸುದ್ದಿ ಓದುತ್ತೆ" ಅಂದ. ಅಣ್ಣ ಕಣ್ಣು ಸಣ್ಣ ಮಾಡಿ ನೋಡಿದ. "ಕೇಳಿಸ್ಕೊಳ್ಳೋದು ಇದೊಂದೇನಾ, ಇಲ್ಲ ಇದರ ಹಿಂದೆ ಯಾರಾದ್ರೂ ಕೂತಿದಾರಾ? ದುಡ್ಡು ಕೊಟ್ಟು ಕಳ್ಳನ್ನ ಮನೆಗೆ ಕರ್ಕೊಂಡು ಬಂದ ಹಾಗಿದೆ" ಅಂದ. ಹಾಗಂದೋನು ಒಂದೇ ವಾರದಲ್ಲಿ ಅದಕ್ಕೆ ಹುಕುಂ ಕೊಡ್ತಾ ರಾಜನ ಹಾಗೆ ಓಡಾಡ್ತಿದ್ದ. ಹಾಡು ಹಾಕು, ಸಾಕು ನಿಲ್ಲಿಸು, ಸುದ್ದಿ ಹೇಳು. ಹೇಳಿದ ಸುದ್ದಿಗೆಲ್ಲ ಬೈತಿದ್ದ.

ಆಮೇಲೆ ಅದು ಅವನ ಮಾತು ಕೇಳೋದು ನಿಲ್ಲಿಸ್ತು.

ಒಂದೇ ಸಲಕ್ಕೆ ಅಲ್ಲ. ಮೊದಮೊದಲು ಎರಡು ಸಲ ಹೇಳ್ಬೇಕಾಗ್ತಿತ್ತು, ಆಮೇಲೆ ನಾಲ್ಕು ಸಲ. ಕೊನೆಗೆ ಏನು ಹೇಳಿದ್ರೂ "ಕ್ಷಮಿಸಿ, ನನಗೆ ಅರ್ಥ ಆಗಲಿಲ್ಲ" ಅನ್ನೋದೊಂದೇ ಉತ್ತರ. ನಾನು ಹೇಳಿದ್ರೆ ಕೇಳ್ತಿತ್ತು. ಗಿರಾಕಿಗಳು ಹೇಳಿದ್ರೆ ಕೇಳ್ತಿತ್ತು. ಅಣ್ಣ ಬಾಯಿ ತೆಗೆದ್ರೆ ಮಾತ್ರ ಕ್ಷಮಿಸಿ. ಅಣ್ಣನಿಗೆ ಇದಕ್ಕಿಂತ ಒಳ್ಳೇ ಪುರಾವೆ ಬೇಕಿತ್ತಾ? "ನೋಡಿದ್ರಾ? ಸ್ವಲ್ಪ ದಿನ ಚೆನ್ನಾಗಿ ಕೇಳೋ ಹಾಗೆ ಮಾಡಿ, ಆಮೇಲೆ ಕಂಪನಿಯವರೇ ಕೆಡಿಸ್ತಾರೆ. ಹೊಸದು ಕೊಳ್ಳಲಿ ಅಂತ!" ಗಂಟಲ ಮೇಲೆ ರೇಜರು ಇಟ್ಕೊಂಡಿದ್ದೋರು ಕಣ್ಣಲ್ಲೇ ಹೌದು ಅಂದ್ರು.

ಅಲ್ಲಿಂದ ಅದೊಂದು ದಿನದ ಆಟ ಆಗಿಹೋಯ್ತು. ಹೊಸಬರು ಯಾರಾದ್ರೂ ಬಂದ್ರೆ ಅಣ್ಣ ಡಬ್ಬಿ ಮುಂದೆ ನಿಂತು ಕಿರಿಚಿ ತೋರಿಸ್ತಿದ್ದ. ಅದು ಕ್ಷಮೆ ಕೇಳ್ತಿತ್ತು. ಎಲ್ಲರೂ ಬಿದ್ದು ಬಿದ್ದು ನಗ್ತಿದ್ರು, ನಾನೂ ನಗ್ತಿದ್ದೆ. ಅವನ ಗಂಟಲು ಒಡೆದಿತ್ತು. ಹಾಗೆ ಕಿರಿಚಿದ್ರೆ ಯಾರ ಗಂಟಲು ತಾನೇ ಒಡೆಯಲ್ಲ ಅಂದ್ಕೊಂಡ್ವಿ. ಬಿಸಿನೀರು ಕುಡೀರಿ, ಆ ಹಾಳು ಡಬ್ಬಿ ಜೊತೆ ಜಗಳ ಬಿಡಿ ಅಂತ ಅತ್ತಿಗೆ ಬೈತಿದ್ರು. ನಾವೆಲ್ಲ ಸೇರಿ ತಪ್ಪು ಹುಡುಕಿದ್ದು ಡಬ್ಬೀಲಿ.

ವಾರದ ರಜೆ ಮುಗಿದ ಬೆಳಿಗ್ಗೆ ಅಂಗಡಿ ತೆಗೆಯೋ ಮೊದಲು ನಾನು ಅಣ್ಣನಿಗೆ, ಅಣ್ಣ ನನಗೆ ಗಡ್ಡ ಮಾಡೋದು ನಮ್ಮ ರೂಢಿ. ಹಾಗೆ ಒಂದಿನ ಅವನ ಗಲ್ಲದ ಕೆಳಗೆ ಚರ್ಮ ಎಳೆದು ಹಿಡಿದಾಗ ಬೆರಳಿಗೆ ಏನೋ ಗಟ್ಟಿ ಸಿಕ್ತು. ಒತ್ತಿದೆ. ಜರುಗಲಿಲ್ಲ.

"ಏನಣ್ಣ ಇದು?"

"ಕೂದಲು ಒಳಗೆ ಬೆಳೆದಿರ್ಬೇಕು. ನಿನ್ನ ಕೈ ಗುಣ."

ಅವನ ಮಾತಿಗೆ ನಾನು ನಗಲಿಲ್ಲ. ನನ್ನ ಕೈ ದಿನಾ ಮುಟ್ಟೋದು ಕತ್ತುಗಳನ್ನೇ. ಅವತ್ತೇ ಮಧ್ಯಾಹ್ನ ಟೀ ಕುಡೀತಾ ಅಣ್ಣ ಕೆಮ್ಮಿ ಕೆಮ್ಮಿ ನೀಲಿಗಟ್ಟಿದಾಗ ಅಲ್ಲೇ ಕೂತಿದ್ದ ಬ್ಯಾಟರಿ ಅವನ ರಟ್ಟೆ ಹಿಡಿದು ಕಾರಲ್ಲಿ ಕೂರಿಸ್ದ. ಸರ್ಕಾರಿ ಆಸ್ಪತ್ರೆ ತನಕ ಅಣ್ಣ ಆ ಕಾರನ್ನ ಬೈತಾನೇ ಇದ್ದ.

ಆಸ್ಪತ್ರೆಗೆ ಹೊಸ ಕಟ್ಟಡ ಬಂದಿತ್ತು. ಕೆಳಗಿಂದ ಮೇಲಿನ ತನಕ ಗಾಜು. ಮುಖ ಕಾಣೋ ಹಾಗೆ ಹೊಳೆಯೋ ನೆಲ. ಗೋಡೆ ತುಂಬ ದೊಡ್ಡ ಪರದೆ, ಅದರಲ್ಲಿ ಟೋಕನ್ ನಂಬರು ಬರೋದು, ಹೆಣ್ಣುದನಿಯೊಂದು ಅದನ್ನ ಕೂಗೋದು. ಕೂರೋಕೆ ಕುರ್ಚಿ ಸಾಲದೆ ಜನ ಆ ಹೊಳೆಯೋ ನೆಲದ ಮೇಲೇ ಕೂತಿದ್ರು. "ದುಡ್ಡೆಲ್ಲ ಗಾಜಿಗೆ ಹೋಗಿದೆ ನೋಡು" ಅಂದ ಅಣ್ಣ, ಉಸಿರು ಸಿಗದಿದ್ರೂ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಕಣ್ಣ ಸುತ್ತ ಕಪ್ಪು ಕಟ್ಟಿತ್ತು. ಧ್ವನಿ ಯಾವಾಗಿಂದ ಹೀಗಿದೆ ಅಂತ ಕೇಳಿದ್ರು. ಸರಿಯಾಗೇ ಇದೆ ಅಂದ ಅಣ್ಣ. "ಆ ಡಬ್ಬಿ ಕೇಳೋದು ನಿಲ್ಲಿಸಿದಾಗಿಂದ" ಅಂದೆ ನಾನು. ತಮಾಷೆ ಅಂದ್ಕೊಂಡು ಅವರು ಮುಖ ಎತ್ತಿದ್ರು. ನಾನು ಡಬ್ಬಿ ಕಥೆ ಪೂರ್ತಿ ಹೇಳೋಷ್ಟರಲ್ಲಿ ಪೆನ್ನು ಕೆಳಗಿಟ್ಟಿದ್ರು.

ಪರೀಕ್ಷೆಗಳೆಲ್ಲ ಆದ್ಮೇಲೆ ಹೇಳಿದ್ರು, ಕ್ಯಾನ್ಸರ್. ಧ್ವನಿಪೆಟ್ಟಿಗೇಲಿ. ಬೇಗ ಬಂದಿದ್ರೆ ರೇಡಿಯೇಷನ್ ಕೊಟ್ಟು ಧ್ವನಿ ಉಳಿಸ್ಬಹುದಿತ್ತಂತೆ. ತಡೀರಿ, ಆ ಮಾತನ್ನೂ ಅವರೇ ತಿದ್ದಿದ್ರು, ಪಾಪ, ಸುಳ್ಳು ಹೇಳೋಕೆ ಬರಲ್ಲ ಅವರಿಗೆ. ಬೇಗ ಬಂದಿದ್ರೂ ಇಲ್ಲಿ ಆಗ್ತಿರ್ಲಿಲ್ಲ. ಯಂತ್ರ ಬಂದಿದೆ, ಅದನ್ನ ಇಡೋಕೆ ದಪ್ಪ ಗೋಡೆಯ ಕೋಣೆ ಬೇಕು, ಆ ಕೋಣೆ ಇನ್ನೂ ಕಟ್ಟಿಲ್ಲ. ಯಂತ್ರ ಪೆಟ್ಟಿಗೆಯೊಳಗೇ ಇದೆ.

ಅಣ್ಣನ ಮುಖ ನೋಡ್ಬೇಕಿತ್ತು. ಅರಳಿತು ಕಣ್ರೀ! ನನ್ನ ಕಡೆ ತಿರುಗಿ, "ಕೇಳಿದ್ಯಾ? ನಾನೇನಂತಿದ್ದೆ? ಯಂತ್ರಕ್ಕೆ ದುಡ್ಡಿದೆ, ಗೋಡೆಗಿಲ್ಲ!" ಅಂದ. ಗೆದ್ದಿದ್ದ ಅವನು. ನನಗೆ ಮೈಯೆಲ್ಲ ಉರೀತು. ನೀನು ಹೇಳಿದ್ದೇ ಸರಿ ಮಾರಾಯ, ತಗೊಂಡು ಏನು ಮಾಡ್ತೀಯ ಅಂತ ಕೂಗ್ಬೇಕು ಅನ್ನಿಸ್ತು. ಅತ್ತಿಗೆ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ಕೂತಿದ್ರು.

ಉಳಿದದ್ದು ಆಪರೇಷನ್ ಒಂದೇ. ಧ್ವನಿಪೆಟ್ಟಿಗೆ ಪೂರ್ತಿ ತೆಗೀಬೇಕು, ಕತ್ತಲ್ಲಿ ತೂತು ಮಾಡಿ ಅಲ್ಲಿಂದ ಉಸಿರು. ಜೀವ ಉಳೀಬಹುದು, ಮಾತು ಹೋಗುತ್ತೆ. ಖಾಸಗಿ ಆಸ್ಪತ್ರೇಲೂ ವಿಚಾರಿಸಿದ್ವಿ. ಅಂಗಡಿ, ಮನೆ ಎರಡೂ ಮಾರಿದ್ರೂ ಆಗದ ಮಾತು.

ಮಾರನೇ ದಿನ ಅಣ್ಣ ಅಂಗಡಿಗೆ ಬಂದ. ಶಟರು ಅರ್ಧಕ್ಕೇ ಬಿಟ್ಟು ಒಳಗೆ ಬಂದು, ಗಿರಾಕಿ ಹಾಗೆ ತನ್ನ ಕುರ್ಚೀಲಿ ತಾನೇ ಕೂತ. ಕನ್ನಡೀಲಿ ನನ್ನನ್ನೇ ನೋಡ್ತಿದ್ದ.

"ಬೇಡ ಅಂತ ನನ್ನ ಯೋಚನೆ. ನಿಮ್ಮತ್ತಿಗೆ ಬೇಕು ಅಂತ ಅಳ್ತಿದಾಳೆ" ಅಂದ. ಆ ಧ್ವನಿ ಆಗಲೇ ಹರಿದ ಚೀಲದ ಹಾಗಿತ್ತು. "ನೀನೇನಂತೀಯ?"

ಹುಟ್ಟಿದಾಗಿಂದ ಈ ಮನುಷ್ಯ ನನ್ನನ್ನ ಹಾಗೆ ಕೇಳಿರ್ಲಿಲ್ಲ. ನನ್ನ ಮದುವೆ ಸಂಬಂಧ ನೋಡಿದಾಗಲೂ ಕೇಳಿರ್ಲಿಲ್ಲ, ಈಗ ಕೇಳ್ತಿದಾನೆ. ಸಿಟ್ಟು ಬಂತು. ಅಳು ಬಂತು. ಎರಡನ್ನೂ ನುಂಗಿ, "ತೆಗೆಸ್ಬಿಡಣ್ಣ" ಅಂದೆ.

"ಮಾತಿಲ್ದೆ ನಾನೇನು ಮಾಡ್ಲೋ?"

"ನನ್ನ ಹಾಗೆ ಕೂದಲು ಕತ್ತರಿಸು. ನಾನು ಬದುಕಿಲ್ವಾ?"

ಸರಿ ಅಂದ ಅಣ್ಣ. ವಾದ ಮಾಡಲಿಲ್ಲ.

ಮೊದಲನೇ ಸಲ ಅಡ್ಮಿಟ್ ಮಾಡಿ, ಖಾಲಿ ಹೊಟ್ಟೇಲಿ ಮಲಗಿಸಿ, ಹಸಿರು ಗೌನು ಹಾಕಿಸಿ, ಮಧ್ಯಾಹ್ನ ವಾಪಸ್ ಕಳಿಸಿದ್ರು. ಅರಿವಳಿಕೆ ಕೊಡೋ ಡಾಕ್ಟರಿಗೆ ವರ್ಗ ಆಗಿತ್ತು, ಅವರ ಜಾಗಕ್ಕೆ ಯಾರೂ ಬಂದಿರ್ಲಿಲ್ಲ. ಆಮೇಲೆ ಯಾರೋ ಬಂದ್ರು, ಆದ್ರೆ ಹೊಸ ಆಪರೇಷನ್ ಥಿಯೇಟರಿನ ಉದ್ಘಾಟನೆ ಆಗಿರ್ಲಿಲ್ಲ, ಹಳೇದಕ್ಕೆ ಬೀಗ ಬಿದ್ದಿತ್ತು. ಉದ್ಘಾಟನೆಗೆ ದೊಡ್ಡವರು ಬರ್ಬೇಕು, ಆ ದೊಡ್ಡವರಿಗೆ ಬಿಡುವಿಲ್ಲ. ಹೋಗೋದು, ಕಾಯೋದು, ವಾಪಸ್ ಬರೋದು. ಪ್ರತಿ ಸಲವೂ ಬ್ಯಾಟರಿ ಬಾಡಿಗೆ ಬಿಟ್ಟು ಬರ್ತಿದ್ದ. ಡಾಕ್ಟರಮ್ಮ ಮೇಲಿನವರ ಹತ್ರ ಜಗಳ ಆಡಿದ್ದನ್ನ ನಾನೇ ಕಿವಿಯಾರೆ ಕೇಳಿದೀನಿ, ಅವರ ಮೇಲೆ ಬೆರಳು ತೋರಿಸಲ್ಲ. ಯಾರ ಮೇಲೆ ತೋರಿಸ್ಲಿ? ಕುತ್ತಿಗೆ ಹಿಡಿಯೋಣ ಅಂದ್ರೆ ಒಂದು ಕುತ್ತಿಗೇನೂ ಸಿಗಲಿಲ್ಲ ಅಲ್ಲಿ.

ಅಣ್ಣ ದಿನದಿನಕ್ಕೂ ಕರಗಿಹೋದ. ಅಂಗಡೀಲಿ ಅವನ ಕುರ್ಚಿಗೆ ಬಟ್ಟೆ ಹೊದಿಸಿಟ್ಟೆ.

ಕೊನೆಗೂ ಥಿಯೇಟರು ತೆರೆದ್ರು. ಆಪರೇಷನ್‌ಗೆ ಮುಂಚೆ ಇನ್ನೊಂದು ಸ್ಕ್ಯಾನ್ ಆಗ್ಲಿ ಅಂದ್ರು, ಆಯ್ತು. ರಿಪೋರ್ಟು ತೋರಿಸೋಕೆ ಹೋದ ದಿನ ಅತ್ತಿಗೆ ಕೆಳಗೆ ಔಷಧಿ ಸಾಲಲ್ಲಿ ನಿಂತಿದ್ರು. ಒಳಗೆ ಹೋದದ್ದು ಅಣ್ಣ, ನಾನು, ಅಣ್ಣನಿಗೆ ತೋಳು ಕೊಟ್ಕೊಂಡು ಬ್ಯಾಟರಿ. ಡಾಕ್ಟರಮ್ಮ ರಿಪೋರ್ಟು ಎರಡೆರಡು ಸಲ ಓದಿದ್ರು. ಆಮೇಲೆ, "ಇನ್ನು ಆಪರೇಷನ್ ಬೇಡ" ಅಂದ್ರು. ಶ್ವಾಸಕೋಶಕ್ಕೆ ಹೋಗಿದೆ, ಈಗ ತೆಗೆದ್ರೂ ಉಪಯೋಗ ಇಲ್ಲ, ನೋವಾಗದ ಹಾಗೆ ನೋಡ್ಕೊಳ್ಳೋಣ ಅಂದ್ರು. ಅಷ್ಟೇ. ಅಣ್ಣ ಕೈ ಮುಗಿದು ಎದ್ದ.

ಕೆಳಗೆ ಬಂದಾಗ ಅತ್ತಿಗೆ ಔಷಧಿ ಚೀಲ ಎದೆಗೊತ್ತಿಕೊಂಡು ಓಡಿ ಬಂದ್ರು. "ಯಾವಾಗಂತೆ?"

ನಾನು ಬಾಯಿ ತೆಗೆಯೋಕೆ ಮುಂಚೆ ಅಣ್ಣ ಹೇಳಿಬಿಟ್ಟ. "ಆಪರೇಷನ್ ಬೇಡವಂತೆ. ಗಂಟಲು ಉಳೀತು."

ಅತ್ತಿಗೆ ಅಲ್ಲೇ, ಆ ಜನದ ಮಧ್ಯೆ, ಗೋಡೆಗೆ ಒರಗಿ ಅತ್ತುಬಿಟ್ರು. ಸಂತೋಷಕ್ಕೆ. ಮಗಳಿಗೆ ಫೋನ್ ಮಾಡಿ, "ಬೇಡವಂತೆ ಕಣೇ, ಬೇಡವಂತೆ!" ಅಂದ್ರು. ಅಣ್ಣ ನನ್ನನ್ನ ನೋಡಿದ. ಬಾಯಿ ಮುಚ್ಕೊಂಡಿರು ಅಂತ. ನನಗೆ ಅದೇನು ಹೊಸ ಕೆಲಸಾನಾ?

ಕಾರಲ್ಲಿ ಅಣ್ಣ ಮುಂದೆ ಕೂತ, ನಾನು ಅತ್ತಿಗೆ ಹಿಂದೆ. ಗೇಟು ದಾಟೋದೇ ತಡ, ಅಣ್ಣ ಶುರು ಮಾಡ್ದ. ಅತ್ತಿಗೆಗೋಸ್ಕರ ಮಾಡ್ತಿದಾನೆ ಅಂತ ನನಗೆ ಗೊತ್ತಾಯ್ತು. ಉಸಿರಿನ ಒಂದೆಳೆ ಬಿಟ್ರೆ ಆ ಧ್ವನೀಲಿ ಏನೂ ಉಳಿದಿರ್ಲಿಲ್ಲ, ಒಂದೊಂದು ಮಾತಿಗೂ ನಿಂತು ಗಾಳಿ ಎಳ್ಕೋಬೇಕು. "ಕಾರಂತೆ ಕಾರು. ಸದ್ದಿಲ್ಲ, ಜೀವ ಇಲ್ಲ. ದುಡ್ಡು ದಂಡ."

"ನೋಡಿ ಮೈದುನ್ರೇ, ಮತ್ತೆ ಶುರು ಹಚ್ಕೊಂಡ್ರು ನಿಮ್ಮಣ್ಣ!" ಅತ್ತಿಗೆ ಕಣ್ಣೊರೆಸ್ಕೊಂಡು ನಕ್ರು. ಎಷ್ಟೋ ದಿನದ ಮೇಲೆ ನಗ್ತಿದ್ರು.

"ಸುಳ್ಳಾ? ಹೇಳಯ್ಯ ಬ್ಯಾಟರಿ. ಇದನ್ನ ತಗೊಂಡು ನೀನು ಮೋಸ ಹೋದೆ ತಾನೇ?"

ಬ್ಯಾಟರಿ ರಸ್ತೆ ನೋಡ್ತಾನೇ ಇದ್ದ. ಅವನ ಗಡ್ಡ ಒದ್ದೆ ಆಗಿದ್ದು ನನಗೆ ಹಿಂದಿನಿಂದಲೇ ಕಾಣ್ತಿತ್ತು. "ಹೌದಣ್ಣ" ಅಂದ. "ನೀವು ಹೇಳಿದ್ದೇ ಸರಿ."

ಅತ್ತಿಗೆಯ ನಗು ಅಲ್ಲಿಗೇ ನಿಂತಿತು. ಅವರು ಬ್ಯಾಟರಿಯ ಬೆನ್ನು ನೋಡಿದ್ರು, ಅಣ್ಣನ ತಲೆ ನೋಡಿದ್ರು, ಆಮೇಲೆ ನನ್ನ ಕಡೆ ತಿರುಗಿದ್ರು.

"ಅವನು ಯಾಕೆ ಒಪ್ಕೊಂಡ?" ಅಂದ್ರು.

ನಾನು ಕಿಟಕಿ ಕಡೆ ಮುಖ ತಿರುಗಿಸ್ದೆ.

"ಮೈದುನ್ರೇ, ಡಾಕ್ಟರು ಏನಂದ್ರು?"

ಮುಂದಿನ ಸೀಟಲ್ಲಿ ಅಣ್ಣ ಬ್ಯಾಟರಿಯ ತೊಡೆ ಮೇಲೆ ಕೈಯಿಂದ ಹೊಡೀತಿದ್ದ, ಶಕ್ತಿ ಇಲ್ಲದ ಕೈಯಿಂದ, ಮತ್ತೆ ಮತ್ತೆ. "ಎದುರು ಮಾತಾಡೋ" ಅಂತಿದ್ದ. "ಎದುರು ಮಾತಾಡೋ, ಕತ್ತೆ." ಬ್ಯಾಟರಿ ಹೂಂ ಹೂಂ ಅಂತ ತಲೆ ಆಡಿಸ್ತಾ ಕಾರು ಓಡಿಸ್ತಿದ್ದ. ಅತ್ತಿಗೆ ಔಷಧಿ ಚೀಲ ಸೀಟಿನ ಮೇಲಿಟ್ಟು, ಅಣ್ಣನ ಹೆಗಲ ಮೇಲೆ ಕೈ ಇಟ್ರು.