ಬಿಳಿ ಸಕ್ಕರೆಯ ಮೇಲಿನ ಅಕ್ಷರ

"ಇದು ನಮ್ಮ ಮೈಸೂರಿಂದಲ್ಲ, ಗ್ರೀಸಿಂದು," ಎನ್ನುತ್ತ ದೇವಕಿ ಹರಿವಾಣದಿಂದ ಗೋಧಿಯ ಸಿಹಿಯನ್ನು ಬಟ್ಟಲುಗಳಿಗೆ ಹಾಕುತ್ತಿದ್ದಳು. ಮಲೇಷ್ಯಾದ ಪೆಟಾಲಿಂಗ್ ಜಯಾದ ಆ ಫ್ಲ್ಯಾಟಿನ ಹಾಲ್‌ನಲ್ಲಿ ಸೊಸೆ ಗಾನವಿ ತುಂಬಿದ ಬಸುರಿ, ಎರಡೂ ಕೈಗೆ ಹಸಿರು ಬಳೆ ತೊಟ್ಟು ಕೂತಿದ್ದಳು. ಸೀಮಂತಕ್ಕೆ ಬಂದ ಬೀಗಿತ್ತಿಗೆ, ಅಕ್ಕಪಕ್ಕದ ಹೆಂಗಸರಿಗೆ ಚಿತ್ರಾನ್ನ, ಹೋಳಿಗೆ ಎಲ್ಲ ಆಗಿತ್ತು. ಅವನ್ನು ಯಾರು ಬೇಕಾದರೂ ಮಾಡುತ್ತಾರೆ. ದೇವಕಿಗೆ ಹೆಸರು ಬರಬೇಕಾಗಿದ್ದದ್ದು ಈ ಹರಿವಾಣದಿಂದ.

ಗಂಡ ನಿತ್ಯಾನಂದ ನಿವೃತ್ತನಾದ ಖುಷಿಗೆ ಇಬ್ಬರೂ ಗ್ರೀಸಿಗೆ ಹೋಗಿ ಬಂದಾಗಿನಿಂದ ಅವಳ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಅಥೆನ್ಸ್ ಅವಳ ಲೆಕ್ಕಕ್ಕೇ ಇಲ್ಲ, ಅದನ್ನು ಎಲ್ಲರೂ ನೋಡುತ್ತಾರಲ್ಲ. ಅವಳದು ನಾಫ್ಲಿಯೊ: ಬೆಟ್ಟದ ಮೇಲೊಂದು ಹಳೆಯ ಕೋಟೆ, ಸಮುದ್ರದ ನಡುವೆ ಇನ್ನೊಂದು, ಅಮೃತಶಿಲೆ ಹಾಸಿದ ಚೌಕ. ಅಲ್ಲಿ ತಾವು ಟೂರಿಸ್ಟರ ಹಾಗಲ್ಲ, ಮನೆಯವರ ಹಾಗೆ ಇದ್ದೆವೆಂದು ಅವಳು ಸಿಕ್ಕಸಿಕ್ಕವರಿಗೆಲ್ಲ ಹೇಳಿದ್ದಳು.

ಅದಕ್ಕೆ ಸಾಕ್ಷಿ ಈ ಸಿಹಿ. ಒಂದು ಭಾನುವಾರ ಅಲ್ಲಿನ ಚರ್ಚಿಗೆ ಇಣುಕಿದಾಗ, ಬಾಗಿಲ ಬಳಿ ಕಪ್ಪು ಉಡುಪಿನ ಹೆಂಗಸೊಬ್ಬಳು ಬಂದವರಿಗೆಲ್ಲ ಪೊಟ್ಟಣ ಹಂಚುತ್ತಿದ್ದಳು. ಪಕ್ಕದ ಮೇಜಿನ ಮೇಲೆ ಬಿಳಿ ಸಕ್ಕರೆ ಹೊದೆಸಿದ ಗೋಧಿಯ ರಾಶಿ, ಅದರ ಮೇಲೆ ಬೆಳ್ಳಿ ಬಣ್ಣದ ಸಕ್ಕರೆ ಮಣಿಗಳಲ್ಲಿ ಜೋಡಿಸಿದ ಎರಡು ಅಕ್ಷರ, ಹತ್ತಿರದಲ್ಲೇ ಚೌಕಟ್ಟಿನೊಳಗೆ ನಗುವ ಹುಡುಗನ ಫೋಟೋ. ಫೋಟೋಗೆ ಹಾರ ಇರಲಿಲ್ಲ. ಹಾರವಿಲ್ಲದ ಫೋಟೋದಲ್ಲಿರುವವನು ಬದುಕಿರಲೇಬೇಕು, ಮೈಸೂರಿನಲ್ಲಿ ಬೆಳೆದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮಗನ ಹುಟ್ಟುಹಬ್ಬ ಎಂದುಕೊಂಡು ದೇವಕಿ "ಹ್ಯಾಪಿ ಬರ್ತ್‌ಡೇ" ಎಂದು ಅವಳ ಕೈ ಕುಲುಕಿದ್ದಳು, ಹೆಗಲಿಗೆ ಹೆಗಲು ತಾಗಿಸಿ ನಿಂತು ಗಂಡನಿಂದ ಫೋಟೋ ತೆಗೆಸಿಕೊಂಡಿದ್ದಳು, ಇನ್ನೊಂದು ಪೊಟ್ಟಣವನ್ನೂ ಕೇಳಿ ಪಡೆದಿದ್ದಳು. ಫೋನಿನ ಅನುವಾದದ ನೆರವಿನಿಂದ, ಇದಕ್ಕೆ ಏನೇನು ಹಾಕುತ್ತೀರಿ ಎಂದು ವಿಚಾರಿಸಿದ್ದಳು. ಆ ಹೆಂಗಸು ಅವಳ ಮುಖವನ್ನೇ ಒಂದು ಗಳಿಗೆ ನೋಡಿ, ಬಾದಾಮಿ, ದಾಳಿಂಬೆ, ದಾಲ್ಚಿನ್ನಿ ಎಂದು ನಿಧಾನವಾಗಿ ಎಲ್ಲ ಹೇಳಿದ್ದಳು.

ಗಂಡ ತೆಗೆದ ಫೋಟೋದಲ್ಲಿ ಆ ಮೇಜೂ ಇತ್ತು; ಅದನ್ನು ನೋಡಿಕೊಂಡೇ ದೇವಕಿ ಇಂದು ಬೆಳಿಗ್ಗೆ ಹರಿವಾಣದ ಮೇಲೆ ಅದೇ ಎರಡು ಅಕ್ಷರ ಬರೆದಿದ್ದಳು. ಶುಭವಾಗಲಿ ಎಂದೇನೋ ಇದ್ದೀತು ಎಂದು ಅವಳ ಊಹೆ.

ಟಿವಿಯಲ್ಲಿ ಪ್ರವಾಸದ ಫೋಟೋಗಳು ಒಂದರ ಹಿಂದೊಂದು ಸುತ್ತಿ ಸುತ್ತಿ ಬರುತ್ತಿದ್ದವು. ಚರ್ಚಿನ ಹುಟ್ಟುಹಬ್ಬದ ಕಥೆಯನ್ನು ದೇವಕಿ ಆಗಲೇ ಎಲ್ಲರಿಗೂ ಹೇಳಿ ಮುಗಿಸಿದ್ದಳು. ಮೇಲಿನ ಮಹಡಿಯ ಪ್ರೆಸಿಲ್ಲಾ, ಮಂಗಳೂರಿನವಳು, ಹಡಗು ಕಂಪನಿಯೊಂದರಲ್ಲಿ ಕೆಲಸ, ಟಿವಿಯನ್ನೊಮ್ಮೆ ಕೈಯಲ್ಲಿದ್ದ ಬಟ್ಟಲನ್ನೊಮ್ಮೆ ನೋಡಿದಳು. ಆಮೇಲೆ ದೇವಕಿಯನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದಳು.

"ಬೇಜಾರು ಮಾಡ್ಬೇಡಿ ಆಂಟಿ. ಅದು ಬರ್ತ್‌ಡೇ ಅಲ್ಲ. ನಮ್ಮ ಬಾಸ್ ಗ್ರೀಸಿನವರು, ಅವರ ತಾಯಿ ತೀರಿಹೋದಾಗ ಇದನ್ನೇ ಆಫೀಸಲ್ಲಿ ಹಂಚಿದ್ರು. ಸತ್ತವರ ಹೆಸರಲ್ಲಿ ಕೊಡುವಂಥದ್ದು. ಮೇಲೆ ಬರೆಯುವುದು ಕೂಡ ಅವರದೇ ಹೆಸರಿನ ಅಕ್ಷರ."

ಸೀಮಂತದ ಮನೆಯಲ್ಲಿ ತಿಥಿಯ ಊಟ, ಅದೂ ತನ್ನ ಕೈಯಾರೆ. ಬೀಗಿತ್ತಿಗೆ ಗೊತ್ತಾದರೆ ಮುಖ ಎಲ್ಲಿಟ್ಟುಕೊಳ್ಳುವುದು ಎಂಬುದೇ ದೇವಕಿಗೆ ಮೊದಲು ಹೊಳೆದದ್ದು. ಹಾಲ್‌ಗೆ ಓಡಿ, ಗೋಧಿ ಹುಳಿ ಬಂದ ಹಾಗಿದೆ, ತಿನ್ನಬೇಡಿ ಎಂದು ಸುಳ್ಳು ಹೇಳುತ್ತ ಬಟ್ಟಲು ಕಸಿದುಕೊಳ್ಳತೊಡಗಿದಳು. ಇಷ್ಟು ರುಚಿಯಾಗಿದೆಯಲ್ಲ ಎಂದು ಹೆಂಗಸರು ಮುಖಮುಖ ನೋಡಿಕೊಂಡರು. ಗಾನವಿ ಎರಡನೆಯ ಸಲ ಹಾಕಿಸಿಕೊಂಡಿದ್ದಳು. ಅವಳು ಬಟ್ಟಲನ್ನು ಬಿಡಲಿಲ್ಲ.

"ಏನೂ ಹುಳಿ ಇಲ್ವಲ್ಲ ಅತ್ತೆ. ಏನಾಯ್ತು ಹೇಳಿ."

ಆಗ ಟಿವಿಯಲ್ಲಿ ಚರ್ಚಿನ ಆ ಫೋಟೋ ಮತ್ತೆ ಬಂತು. ಹಲ್ಲು ಕಿರಿದು ಹೆಬ್ಬೆರಳು ಎತ್ತಿದ ದೇವಕಿ. ಅವಳ ಪಕ್ಕದಲ್ಲಿ ಆ ತಾಯಿ, ಅತ್ತು ಅತ್ತು ಬಾತ ಕಣ್ಣುಗಳು. ಇಷ್ಟು ದಿನ ಎಷ್ಟು ಜನರಿಗೆ ತೋರಿಸಿದ್ದಳೋ, ಆ ಕಣ್ಣು ಒಮ್ಮೆಯೂ ಕಂಡಿರಲಿಲ್ಲ. ಮಗನನ್ನು ಕಳೆದುಕೊಂಡವಳ ಕೈ ಕುಲುಕಿ ತಾನು ಶುಭಾಶಯ ಹೇಳಿದ್ದಳು, ಅವಳು ತಿರುಗಿ ಒಂದು ಕಟುಮಾತೂ ಆಡದೆ ತನಗೆ ಇನ್ನೊಂದು ಪೊಟ್ಟಣ ಕೊಟ್ಟಿದ್ದಳು. ಬೀಗಿತ್ತಿಯ ಭಯ ಎಲ್ಲಿ ಹೋಯಿತೋ, ದೇವಕಿಗೆ ತನ್ನ ಆ ನಗುವನ್ನು ನೋಡಲಾಗಲಿಲ್ಲ. ಸೊಸೆಯ ಕಾಲ ಬಳಿ ಕುಸಿದು ಕೂತು, ತಗ್ಗಿದ ದನಿಯಲ್ಲಿ ಎಲ್ಲವನ್ನೂ ಹೇಳಿದಳು.

ಗಾನವಿಯ ಕೈ ಹೊಟ್ಟೆಯ ಮೇಲೆ ಹೋಯಿತು, ಬಳೆಗಳು ಸದ್ದು ಮಾಡಿದವು. ಅವಳು ಟಿವಿಯ ಕಡೆ ತಿರುಗಿದಳು.

"ಆ ಹುಡುಗನ ಹೆಸರೇನು ಅತ್ತೆ?"

ಬಾದಾಮಿ, ದಾಳಿಂಬೆ, ದಾಲ್ಚಿನ್ನಿ. ದೇವಕಿ ಆ ತಾಯಿಯಿಂದ ಕೇಳಿ ತಿಳಿದುಕೊಂಡದ್ದು ಅಷ್ಟೇ.

ಮೇಜಿನ ಮೇಲೆ ಹರಿವಾಣ ಅರ್ಧ ಖಾಲಿಯಾಗಿತ್ತು. ಒಂದು ಅಕ್ಷರ ಬಟ್ಟಲುಗಳಿಗೆ ಹಂಚಿಹೋಗಿತ್ತು. ದೇವಕಿಗೆ ಓದಲು ಬಾರದ ಇನ್ನೊಂದು, ಬಿಳಿ ಸಕ್ಕರೆಯ ಮೇಲೆ ಹಾಗೇ ಉಳಿದಿತ್ತು.